ಹೆಡ್‌ಫೋನಿನೊಳಗಿನ ಸ್ವರ

ಕೇಬಲ್ಲಿಗೆ ಅತ್ತರಿನ ವಾಸನೆ ಇರುವುದುಂಟೇ? ಮೊನ್ನೆ ಪುತ್ತೂರಿನ ನನ್ನ ರೆಕಾರ್ಡಿಂಗ್ ಕೋಣೆಯಲ್ಲಿ ಒಂದು ಹಳೆಯ ಕೇಬಲ್ಲಿನ ಸುತ್ತು ಬಿಚ್ಚಿದೆ, ಘಮ್ಮೆಂದಿತು. ಕಡಬದಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ, ನಾವೆಲ್ಲ ಕಾಕ ಎನ್ನುತ್ತಿದ್ದ ಹಿರಿಯರು ಬಾಗಿಲು ದೂಡಿ ಒಳಗೆ ಬಂದ ಹಾಗೇ ಆಯಿತು...

ಗಲ್ಫಿನಿಂದ ಮರಳುವಾಗ ಎಲ್ಲರೂ ಕಂಬಳಿ, ಟಾರ್ಚು ತಂದರೆ ಕಾಕ ಒಂದು ಸಿಂಥಸೈಜರ್ ಹೊತ್ತು ತಂದಿದ್ದರು, ಬಗೆಬಗೆಯ ಸ್ವರ ಹೊರಡಿಸುವ ಕೀಬೋರ್ಡಿನ ಪೆಟ್ಟಿಗೆ. ಅಲ್ಲಿ ರೂಮಿನವರಿಗೆ ಉಪದ್ರ ಆಗಬಾರದೆಂದು ಹೆಡ್‌ಫೋನ್ ಹಾಕಿಯೇ ನುಡಿಸುತ್ತಿದ್ದರಂತೆ. ಅದರ ಗುಂಡಿಗಳನ್ನು ತಿರುಗಿಸಿ ತಿರುಗಿಸಿ, ಬೇರೆ ಯಾವ ವಾದ್ಯದಲ್ಲೂ ಇಲ್ಲದ ತಮ್ಮದೇ ಒಂದು ಸ್ವರವನ್ನು ಮಾಡಿ ಅದರೊಳಗೆ ಉಳಿಸಿಟ್ಟಿದ್ದರು. ಊರಿಗೆ ಬಂದ ಮೇಲೂ ಹೆಡ್‌ಫೋನ್ ಕಿವಿಯಿಂದ ಇಳಿಯಲಿಲ್ಲ. ಹೆಂಡತಿಗೆ ಕೇಳಿಸುತ್ತಿದ್ದುದು ಕೀಗಳ ಮೇಲೆ ಬೆರಳು ಬಿದ್ದ ಟಕ್ ಟಕ್ ಮಾತ್ರ. “ನಿಮ್ಮ ಪೆಟ್ಟಿಗೆಗೆ ಸ್ವರ ಉಂಟಾ, ಅಲ್ಲ ಅದು ಮೂಗಿಯಾ?” ಎಂದು ಆಕೆ ತಮಾಷೆ ಮಾಡುತ್ತಿದ್ದರಂತೆ.

ಆಕೆಗಾಗಿಯೇ ಕಾಕ ಒಂದು ರಾಗ ಕಟ್ಟಿ, ಮನೆಯಲ್ಲಿ ದಿನಾ ಹೆಡ್‌ಫೋನಿನಲ್ಲೇ ನುಡಿಸಿ ಕಲಿಯುತ್ತಿದ್ದರು. “ಎದುರು ನುಡಿಸಿ ತಪ್ಪಿದ್ರೆ ನಗ್ತಾಳೆ ಮಾರಾಯ. ತಪ್ಪಿಲ್ಲದ್ದು ರೆಕಾರ್ಡ್ ಮಾಡಿ ಕೇಳಿಸುದು” ಎಂದು ನನ್ನಲ್ಲಿಗೆ ಬಂದರು.

ಪೆಟ್ಟಿಗೆಯ ಜೊತೆ ಅವರೇ ತಂದಿದ್ದ ಕೇಬಲ್ ಸಿಕ್ಕಿಸಿದೆ. ಕಾಕ ನುಡಿಸಿದರು, ಕಂಪ್ಯೂಟರಿನಲ್ಲಿ ಸಾಲು ಸಾಲು ಗೆರೆ ಮೂಡಿತು. ತಿರುಗಿ ಹಾಕಿದರೆ ಮೌನ! “ಎಂತ ಮಾರಾಯ, ಗೆರೆ ಬಂತು, ಸ್ವರ ಎಲ್ಲಿ ಹೋಯ್ತು?”

ನನಗೆ ನಗು ತಡೆಯಲಿಲ್ಲ. “ಕಾಕಾ, ಈ ಕೇಬಲಲ್ಲಿ ಸ್ವರ ಬರುದಿಲ್ಲ. ಯಾವ ಕೀ ಒತ್ತಿದ್ರಿ, ಎಷ್ಟು ಜೋರು, ಎಷ್ಟು ಹೊತ್ತು... ಅಷ್ಟೇ ಬರುದು. ಸ್ವರ ನಿಮ್ಮ ಪೆಟ್ಟಿಗೆಯಲ್ಲೇ ಉಂಟು. ಮೊದಲು ತಪ್ಪೆಲ್ಲ ಸರಿ ಮಾಡುವ, ಸ್ವರ ಕಡೆಗೆ ತುಂಬಿಸುವ.”

ತಪ್ಪು ಅಳಿಸಬಹುದೆಂದು ತಿಳಿದದ್ದೇ ಕಾಕನ ಮುಖ ಅರಳಿತು. ಖುಷಿಗೆ ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿ ನುಡಿಸಿದರು. ಕೊಳಲಲ್ಲ, ಪಿಟೀಲೂ ಅಲ್ಲ... ಇನ್ನೊಮ್ಮೆ ನುಡಿಸಿ ಎಂದೆ.

ತಪ್ಪಿದಲ್ಲೆಲ್ಲ ತಿದ್ದಿದೆವು. ಕೊನೆಯ ಕೀಯ ಮೊದಲು ಕಾಕ ಪ್ರತಿ ಸಲ ಒಂದು ಗಳಿಗೆ ತಡೆಯುತ್ತಿದ್ದರು. ಅದನ್ನೂ ಸರಿಮಾಡಲು ಹೋದಾಗ ನನ್ನ ಕೈ ಹಿಡಿದರು. “ಅದು ಇರ್ಲಿ.” ಅಷ್ಟರಲ್ಲಿ ಕಬಡ್ಡಿ ಪಂದ್ಯಾಟದ ಅನೌನ್ಸ್‌ಮೆಂಟ್ ಮಾಡಿಸುವವರು ಬಂದು ಕೂತರು. ಸ್ವರ ತುಂಬಿಸುವ ಕೆಲಸವನ್ನು ಮುಂದಿನ ವಾರಕ್ಕಿಟ್ಟು ಕಾಕ ಪೆಟ್ಟಿಗೆ ಎತ್ತಿಕೊಂಡು ಹೋದರು.

ಮತ್ತೆ ಬರಲಿಲ್ಲ. ಅಂಗಡಿಯಲ್ಲಿಯೇ ಎದೆನೋವು ಬಂದು... ಆಸ್ಪತ್ರೆಯವರೆಗೂ ಹೋಗಲಾಗಲಿಲ್ಲ. ಎಂಥ ಮನುಷ್ಯ! ಆ ವಾರ ನನಗೆ ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲಲಿಲ್ಲ.

ವರ್ಷಗಳು ಕಳೆದವು. ಮೊನ್ನೆ ಅವರ ಹೆಂಡತಿ ಆ ಪೆಟ್ಟಿಗೆಯನ್ನೂ ಅದರ ಕೇಬಲ್ಲನ್ನೂ ಹಿಡಿದು ಬಂದರು. ಕಪಾಟಿನಲ್ಲಿ ಅತ್ತರಿನ ಶೀಶೆಗಳ ಜೊತೆಗೇ ಇಟ್ಟಿದ್ದರಂತೆ. “ಅವರದ್ದು ಎಂತದೋ ನಿಮ್ಮಲ್ಲಿ ಉಂಟಂತಲ್ಲ? ಒಮ್ಮೆ ಕೇಳ್ಬೇಕಿತ್ತು.”

ಪೆಟ್ಟಿಗೆಗೆ ಕರೆಂಟ್ ಕೊಟ್ಟಾಗಲೇ ಗೊತ್ತಾಯಿತು. ಒಳಗಿನ ಪುಟ್ಟ ಬ್ಯಾಟರಿ ಸತ್ತಿತ್ತು. ಅದು ಕಾದಿಟ್ಟದ್ದೆಲ್ಲ ಅಳಿಸಿಹೋಗಿತ್ತು. ಕಾಕನ ಸ್ವರ ಇನ್ನು ಸಿಗುವುದಿಲ್ಲ. ಉಳಿದದ್ದು ಕಂಪನಿಯವರು ತುಂಬಿಸಿದ ಪಿಯಾನೋ. ಅದನ್ನೇ ಇಟ್ಟು, ಕೇಬಲ್ಲಿನ ಸುತ್ತು ಬಿಚ್ಚಿ ಸಿಕ್ಕಿಸಿ, ಕಂಪ್ಯೂಟರಿನಲ್ಲಿದ್ದ ಗೆರೆಗಳನ್ನು ಪೆಟ್ಟಿಗೆಗೆ ಓಡಿಸಿದೆ. ಯಾರೂ ಮುಟ್ಟದೆ ಪೆಟ್ಟಿಗೆ ನುಡಿಯತೊಡಗಿತು.

ಆಕೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಬೆರಳು ಮೇಜಿನ ಮೇಲೆ ಕುಟ್ಟತೊಡಗಿತು, ಟಕ್ ಟಕ್. ಕೊನೆಯ ಕೀಯ ಮೊದಲು ಆ ಬೆರಳು ಗಾಳಿಯಲ್ಲಿ ನಿಂತಿತು. ಕಾಕ ತಡೆದಷ್ಟೇ ತಡೆದು, ಅದರ ಜೊತೆಗೇ ಇಳಿಯಿತು.

“ಇದು ಅವರೇ” ಎಂದರು. “ಸ್ವರವೂ ಅವರು ಮಾಡಿದ್ದೇ ಅಲ್ವಾ?”

ಹೌದೆಂದು ಬಿಡಬಹುದಿತ್ತು. “ಅಲ್ಲ” ಎಂದೆ, ಆದದ್ದನ್ನು ಹೇಳಿದೆ.

“ನೀವು ಕೇಳಿದ್ದೀರಲ್ಲ, ಹೇಗಿತ್ತು?”

“ಕೊಳಲೂ ಅಲ್ಲ, ಪಿಟೀಲೂ ಅಲ್ಲ...” ಎಂದೆ. ಗುನುಗಲು ನೋಡಿದೆ, ಬಂದದ್ದು ನನ್ನದೇ ಗಂಟಲಿನ ಸ್ವರ.

“ಸಾಕು ಮಾರಾಯ್ರೆ” ಎಂದು ಆಕೆ ಕಣ್ಣೊರೆಸಿಕೊಂಡು ನಕ್ಕರು. “ಇನ್ನೊಮ್ಮೆ ಹಾಕಿ. ಸ್ವರ ಬೇಡ.”

ಸೌಂಡ್ ಪೂರ್ತಿ ಇಳಿಸಿದೆ. ಪರದೆಯ ಮೇಲೆ ಗೆರೆಗಳು ಓಡಿದವು. ಕೋಣೆಯಲ್ಲಿ ಆಕೆಯ ಬೆರಳಿನ ಟಕ್ ಟಕ್ ಮಾತ್ರ.