ಕಾಲು ಚಾಚಿ ಬಿದ್ದ ಗೌಜಲಕ್ಕಿ ಮರಿಗಳು

‘ಅಕ್ಕಾ, ಮರಿಗಳೆಲ್ಲಾ ಕಪ್ಪೆ ಥರ ಕಾಲು ಚಾಚ್ಕಂಡು ಬಿದ್ಬುಟ್ಟವೆ. ಏಳಕ್ಕೇ ಆಯ್ತಿಲ್ಲ. ಬೇಗ ಬತ್ತೀಯಾ?’

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಂಡಿದ್ದೆನಷ್ಟೇ, ತಂಗಿ ಮಂಗಳಾಳ ಫೋನು. ಅಳುತ್ತಿದ್ದಳು. ಸಾತನೂರಿನ ಕಡೆಗೆ ಮದುವೆಯಾಗಿ ಹೋದವಳು ಇಷ್ಟು ವರ್ಷ ರೇಷ್ಮೆ ಹುಳು ಸಾಕಿದ್ದಾಳೆ. ಈಚೆಗೆ ಗೌಜಲಕ್ಕಿಯ ಹುಚ್ಚು ಹಿಡಿದಿದೆ. ಹಟ ಮಾಡಿ ಮೊಟ್ಟೆಗೆ ಕಾವು ಕೊಡುವ ಮೆಷಿನ್ ತಂದಿದ್ದಾಳೆ. ಇದು ಮೊದಲ ಬ್ಯಾಚು. ಹೆಬ್ಬೆಟ್ಟಿನ ಗಾತ್ರದ ಮರಿಗಳು ಮೊನ್ನೆಯಷ್ಟೇ ಮೊಟ್ಟೆಯೊಡೆದು ಬಂದಿದ್ದವು.

(ನನಗ್ಯಾಕೆ ಫೋನು ಅಂತೀರಾ? ಪೇಪರಿಗೆ ಬರೆಯುವವರಿಗೆ ಎಲ್ಲಾ ಗೊತ್ತಿರುತ್ತೆ ಎಂಬ ನಂಬಿಕೆ ನಮ್ಮ ತವರಿನಲ್ಲಿ ಇನ್ನೂ ಉಳಿದಿದೆ.)

ಹೊರಡುವಾಗ ಅತ್ತೆ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬರುತ್ತಿದ್ದರು. ‘ಕಾಲೇ ನಿಲ್ತಿಲ್ಲ ಕಣವ್ವ’ ಅಂದರು. ‘ಮಂಡಿನೋವಿನ ಮಾತ್ರೆ ಟೇಬಲ್ ಮೇಲಿದೆ ಅತ್ತೆ’ ಎಂದು ಬಸ್ಸಿಗೆ ಓಡಿದೆ. ರಾಮನಗರದಿಂದ ಕನಕಪುರ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ತಂಗಿಯ ಫೋನು ಬರುತ್ತಲೇ ಇತ್ತು.

ಹೋಗಿ ನೋಡಿದರೆ ದೊಡ್ಡ ರಟ್ಟಿನ ಡಬ್ಬ, ಮೇಲೊಂದು ಬಲ್ಬು. ಒಳಗೆ ಪಟ್ಟೆಪಟ್ಟೆಯ ಮರಿಗಳು. ಒಂದು ಕಾಲು ಆಚೆ, ಒಂದು ಕಾಲು ಈಚೆ. ರೆಕ್ಕೆ ಬಡಿದು ಏಳಲು ನೋಡುತ್ತವೆ, ಮತ್ತೆ ಹೊಟ್ಟೆಯ ಮೇಲೆ ದೊಪ್ಪನೆ ಬೀಳುತ್ತವೆ. ಕಾಳು ಕಣ್ಣೆದುರೇ ಇದೆ, ಅಲ್ಲಿಗೆ ಹೋಗಲು ಆಗುತ್ತಿಲ್ಲ!

ಪಕ್ಕದಲ್ಲಿ ತಂಗಿಯ ಗಂಡ ಶಿವಣ್ಣ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಮುಂದೆ ಒಂದು ಬಕೆಟ್ ನೀರು.

‘ಇದ್ಯಾಕೆ ಶಿವಣ್ಣ, ಬಕೆಟ್ಟು?’

ಆತ ಮುಖ ಎತ್ತಲಿಲ್ಲ. ‘ಮೊಟ್ಟೆ ಕೊಟ್ಟೋನ್ಗೆ ಫೋನ್ ಮಾಡಿದ್ದೆ ಅಕ್ಕಾ. ಕಾಲು ಹೋದವು ಏಳಾಕಿಲ್ಲ, ನೀರಿಗೆ ಹಾಕ್ಬುಡು ಅಂದ.’

ನೀರಿಗೆ ಹಾಕ್ಬುಡು! ಕಾಫಿಗೆ ಸಕ್ಕರೆ ಹಾಕಿಬಿಡು ಅಂದಷ್ಟು ಸಲೀಸಾಗಿ!

‘ಇವನ್ನ ಮುಳುಗ್ಸಿದ್ರೆ ಆ ಮೆಷಿನ್ನೂ ಹೊತ್ಕಂಡೋಗಿ ಎಸ್ದುಬುಡಿ. ನಾನಿನ್ನೊಂದು ಮೊಟ್ಟೆ ಮುಟ್ಟಾಕಿಲ್ಲ’ ಅಂದಳು ಮಂಗಳಾ. ಅವಳ ಹಟ ನನಗೆ ಗೊತ್ತು. ಮುಟ್ಟುವವಳಲ್ಲ.

ಪರಿಚಯದ ಪಶುವೈದ್ಯರಿಗೆ ವಿಡಿಯೊ ಕಾಲ್ ಮಾಡಿದೆ. ಔಷಧದ ಹೆಸರು ಹೇಳುತ್ತಾರೆ ಅಂತ ಪೆನ್ನು ಹಿಡಿದು ನಿಂತಿದ್ದೆ. ಅವರು ಕೇಳಿದ್ದೇ ಬೇರೆ. ‘ಕಾಲು ಆಮೇಲೆ ನೋಡೋಣ ಮೇಡಂ. ಕೆಳಗೆ ಏನು ಹಾಸಿದ್ದೀರಿ, ತೋರಿಸಿ.’

ಮರಿಗಳನ್ನು ಮೆಲ್ಲಗೆ ಸರಿಸಿ ಫೋನು ಬಗ್ಗಿಸಿದೆ.

ಡಬ್ಬದ ತಳದಲ್ಲಿ ನಾನಿದ್ದೆ! ನನ್ನದೇ ಫೋಟೊ, ನಗುಮುಖ. ಪಕ್ಕದಲ್ಲಿ ನನ್ನದೇ ಅಂಕಣ. ಮನೆಗೆ ಹೊಸ ಟೈಲ್ಸ್ ಹಾಕಿಸಿದಾಗ, ಒರೆಸಿದರೆ ಮುಖ ಕಾಣುತ್ತೆ, ನೆಲ ಅಂದರೆ ಹೀಗಿರಬೇಕು ಎಂದು ಕೊಂಡಾಡಿ ಬರೆದಿದ್ದೆನಲ್ಲ, ಅದೇ. (ಚೆನ್ನಾಗಿದೆ ಅಂತ ನಿಮ್ಮಲ್ಲೂ ಕೆಲವರು ಮೆಸೇಜ್ ಹಾಕಿದ್ದಿರಿ.) ಪುರವಣಿಯ ಆ ಹೊಳೆಯುವ ಕಾಗದದ ಮೇಲೆ ಒಂದು ಮರಿ ನನ್ನ ಗಲ್ಲದಿಂದ ಹಣೆಯವರೆಗೆ ಜಾರಿತು.

ಹೋದ ತಿಂಗಳು ‘ನಿನ್ ಪುರವಣಿ ಎಲ್ಲಾ ಎತ್ತಿಡಕ್ಕಾ’ ಎಂದಿದ್ದಳು. ತಂಗಿ ಓದುತ್ತಾಳಲ್ಲ ಅಂತ ಉಬ್ಬಿಹೋಗಿ ಕಟ್ಟು ಕಟ್ಟಿ ಕಳಿಸಿದ್ದೆ!

‘ಚಾಕಿ ಹುಳಕ್ಕೆ ಪೇಪರ್ ಹಾಸಾಕಿಲ್ವಾ? ಇವೂ ಎಳೇವೇ ಅಲ್ವಾ? ದಿನಾ ಬರೋ ಪೇಪರು ಒರಟು. ನಿಂದು ನೈಸಾಗಿತ್ತು’ ಅಂದಳು ಮಂಗಳಾ. ನಮ್ಮ ಕಡೆ ಆಗತಾನೇ ಹುಟ್ಟಿದ ರೇಷ್ಮೆ ಹುಳುವಿಗೆ ಮಗುವಿಗೆ ಹಾಸಿದಂತೆ ಶುಭ್ರವಾಗಿ ಹಾಸುತ್ತಾರೆ. ಅವಳ ಕೈಗೆ ಗೊತ್ತಿದ್ದ ಅಕ್ಕರೆ ಅದು.

‘ಹುಳ ಕಚ್ಚಿಕೊಳ್ಳುತ್ತಮ್ಮ, ಹಕ್ಕಿ ಜಾರುತ್ತೆ’ ಅಂದರು ಡಾಕ್ಟರು. ‘ಎಳೇ ಕಾಲು, ಜಾರಿ ಜಾರಿ ಅಗಲಕ್ಕೆ ಹೋಗಿವೆ. ಇನ್ನೂ ತಡವಾಗಿಲ್ಲ. ಎಲ್ಲವೂ ಏಳುತ್ತವೆ ಅಂತ ಮಾತ್ರ ಹೇಳಲಾರೆ.’

ನನ್ನ ಅಂಕಣ ಕಿತ್ತು ಒಲೆಗೆ ಹಾಕಿದೆವು. ಗೋಣಿತಾಟು ಒಗೆದು ಒಣಗಿಸಿದ್ದು ಇತ್ತು, ಬಿಟ್ಟುಕೊಂಡ ಎಳೆಗಳನ್ನೆಲ್ಲಾ ಕತ್ತರಿಸಿ ತೆಗೆದು ಹಾಸಿದೆವು. ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ದಾರದಷ್ಟು ಸಣ್ಣಗೆ ಸೀಳಿ, ಮರಿ ನೆಟ್ಟಗೆ ನಿಂತರೆ ಎಷ್ಟು ಅಂತರವಿರುತ್ತೋ ಅಷ್ಟು ಬಿಟ್ಟು, ಎರಡೂ ಕಾಲಿಗೆ ಸಡಿಲವಾಗಿ ಸುತ್ತಿದೆವು. ಒದೆಯುವ ಹಸುವಿಗೆ ಕಾಲು ಕಟ್ಟಿ ಅಭ್ಯಾಸವಿದ್ದ ಶಿವಣ್ಣನೇ ಕೊನೆಗೆ ಈ ಕೆಲಸಕ್ಕೆ ಕೂತ. ಆ ಒರಟು ಬೆರಳು ಅಷ್ಟು ಹಗುರ ಅಂತ ಯಾರಿಗೆ ಗೊತ್ತಿತ್ತು! ಬಕೆಟ್ಟಿನ ನೀರನ್ನು ಮಂಗಳಾ ನುಗ್ಗೆ ಗಿಡಕ್ಕೆ ಸುರಿದು ಬಂದಳು.

ಪ್ಲಾಸ್ಟರನ್ನು ದಿನವೂ ಬಿಚ್ಚಿ ನೋಡಿ ಮತ್ತೆ ಸುತ್ತಿದರಂತೆ. ಮೂರು ಮರಿ ಉಳಿಯಲಿಲ್ಲ. ಮಿಕ್ಕವು ಗುರುವಾರದ ಹೊತ್ತಿಗೆ ಓಡುತ್ತಿದ್ದವು! ಮಂಗಳಾ ವಿಡಿಯೊ ಕಳಿಸಿದಳು, ಜೊತೆಗೆ ಮೆಷಿನ್ನಿಗೆ ಹೊಸ ಮೊಟ್ಟೆ ಇಟ್ಟ ಫೋಟೊ.

ನಗುನಗುತ್ತಾ ಅತ್ತೆಗೂ ತೋರಿಸಿದೆ, ಕಥೆಯೆಲ್ಲಾ ಹೇಳಿದೆ. ಪುರವಣಿ ಕಿತ್ತು ಒಲೆಗೆ ಹಾಕಿದ್ದನ್ನೂ ಹೇಳಿದೆ. ಅವರು ನಗಲಿಲ್ಲ. ವಿಡಿಯೊವನ್ನು ಇನ್ನೊಂದು ಸಲ ಹಾಕಿಸಿಕೊಂಡು ನೋಡಿದರು.

‘ಮಂಡಿನೋವು ಅಂತ ನೀನೇ ಅಂದ್ಕಂಡೆ ಕಣವ್ವ. ನಾನು ಕಾಲು ನಿಲ್ತಿಲ್ಲ ಅಂದೆ ಅಷ್ಟೇಯ. ನೆಲ ಹೊಳೀತದೆ ಅಂತ ನೀನು ಅಷ್ಟು ಕುಸಿಯಾಗಿದ್ದೆ, ಹೆಂಗೇಳಾದು?’

ಅತ್ತೆ ಮೊಬೈಲು ನನ್ನ ಕೈಗಿಟ್ಟು ಗೋಡೆ ಹಿಡಿದು ಎದ್ದರು.

‘ಮಂಗಳನ್ತಾವ ಆ ಗೋಣಿತಾಟು ಇನ್ನೊಂದಿದ್ರೆ ಕೇಳವ್ವ, ಬಚ್ಚಲ್ ಬಾಗಿಲಿಗೆ ನಂಗೂ ಒಂದು ಹಾಸ್ಬುಡು.’