ಆಣೆ ಇಡದವರ ಇಸ್ತ್ರಿ ಅಕ್ಕ

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಬಾಯ್ಲರ್ ಕೋಣೆಗೆ ಅಂಟಿಕೊಂಡಂತೆ, ಉದ್ದನೆಯ ಒಂದು ಲಾಂಡ್ರಿ ಇದೆ. ಇಸ್ತ್ರಿ ಅಕ್ಕ ಅಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಆಪರೇಷನ್ ಕೋಣೆಯ ಹಸಿರು ಬಟ್ಟೆ, ಮಕ್ಕಳ ವಾರ್ಡಿನ ಪುಟ್ಟ ಹೊದಿಕೆ, ಡಾಕ್ಟರುಗಳ ಬಿಳಿ ಕೋಟು ಎಲ್ಲವೂ ಅವರ ಮೇಜನ್ನು ದಾಟಿಯೇ ಹೋಗಬೇಕು. ಬೆಡ್‌ಶೀಟಿನ ನಾಲ್ಕು ಮೂಲೆ ಕೂಡಿಸಿ ಅವರು ಒಂದು ಸಲ ಒದರಿದರೆ ಅದು ತಾನಾಗಿಯೇ ಮಡಿಕೆಗೆ ಬರುತ್ತದೆ. ಅವರ ಕೈಕೆಳಗೆ ಕೆಲಸ ಕಲಿತ ಹನ್ನೊಂದು ಜನ ಕಾಯಂ ಆದರು. ಅವರು ಮಾತ್ರ ಇಂದಿಗೂ ತಾತ್ಕಾಲಿಕ ನೌಕರರು.

ಕಾಯಂ ಆಗಬೇಕಾದರೆ ಅಧಿಕಾರಿಯ ಮುಂದೆ ಬಲಗೈ ಎತ್ತಿ ಪ್ರಮಾಣ ಮಾಡಬೇಕು. ಇಸ್ತ್ರಿ ಅಕ್ಕ ಪ್ರಮಾಣ ಮಾಡುವವರಲ್ಲ.

ಅವರದು ಸಣ್ಣ ಮತ. ಇಡೀ ರಾಜ್ಯದಲ್ಲಿ ಮೂರು ಸಾವಿರ ಜನ ಇದ್ದರೆ ಹೆಚ್ಚು. ಊರಿನವರು ಅವರನ್ನು 'ಆಣೆ ಇಡದವರು' ಎಂದೇ ಕರೆಯುತ್ತಾರೆ. ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಸೇರಿ, ಬೆಂಚುಗಳ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತು ಎದ್ದುಬರುತ್ತಾರೆ. ದೇವರು ನಮ್ಮ ಎಲ್ಲ ಮಾತನ್ನೂ ಕೇಳಿಸಿಕೊಳ್ಳುತ್ತಿರುವಾಗ, ಯಾವುದೋ ಒಂದು ಮಾತಿಗೆ ಮಾತ್ರ ಅವನನ್ನು ಸಾಕ್ಷಿಗೆ ಕರೆದರೆ ಉಳಿದ ಮಾತನ್ನೆಲ್ಲ ಸುಳ್ಳಿಗೆ ಬಿಟ್ಟುಕೊಟ್ಟಂತಾಯಿತು ಎಂಬುದು ಅವರ ನಂಬಿಕೆ. ಹಾಗಾಗಿ ಹೌದಾದರೆ ಹೌದು ಎನ್ನುತ್ತಾರೆ, ಇಲ್ಲವಾದರೆ ಇಲ್ಲ ಎನ್ನುತ್ತಾರೆ. ತಮ್ಮವರು ಹೌದು ಎಂದ ಮೇಲೆ 'ಎಲ್ಲಿ ತೋರಿಸು' ಎಂದು ಕೇಳುವುದು ಅವರಲ್ಲಿ ಕೆನ್ನೆಗೆ ಹೊಡೆದಷ್ಟೇ ದೊಡ್ಡ ಅವಮಾನ.

ಬೀದಿಯವರಿಗೆ ಇದೊಂದು ತಮಾಷೆ. ತರಕಾರಿ ಗಾಡಿಯವನು ದಿನಾ ಅದೇ ರಾಗ ತೆಗೆಯುತ್ತಿದ್ದ.

"ಅಕ್ಕಾ, ದೇವರಾಣೆಗೂ ಇವತ್ತು ಬೆಳಿಗ್ಗೆ ಕಿತ್ತಿದ್ದು!"

"ಆಣೆ ಬೇಡಪ್ಪ. ಬೆಳಿಗ್ಗೆ ಕಿತ್ತಿದ್ದಾ?"

ಅವನು ತಲೆ ಕೆರೆದುಕೊಳ್ಳುತ್ತಿದ್ದ. "ನಿನ್ನೆ ಸಂಜೆ."

"ಸರಿ, ಅರ್ಧ ಕೆಜಿ ಹಾಕು."

"ನಿಮ್ಮ ಹತ್ರ ವ್ಯಾಪಾರ ಮಾಡೋಕೇ ಮಜಾ ಇಲ್ಲ ಬಿಡಿ," ಎಂದು ಗೊಣಗುತ್ತಲೇ ಅವನು ಎರಡು ಕಾಯಿ ಹೆಚ್ಚಿಗೆ ಹಾಕುತ್ತಿದ್ದ.

ತಾವು ಕಾಯಂ ಆಗಲಿಲ್ಲವೆಂದು ಇಸ್ತ್ರಿ ಅಕ್ಕ ಯಾರ ಬಾಗಿಲಿಗೂ ಹೋದವರಲ್ಲ. ಅವರನ್ನು ಬೀದಿಗೆ ಇಳಿಸಿದ್ದು ಒಂದು ಹುಡುಗಿಯ ಕೈ. ಬೆಡ್‌ಶೀಟು ಒತ್ತುವ ಯಂತ್ರದಲ್ಲಿ ಕೈ ಒಳಗೆ ಹೋಗದಂತೆ ಕಾಯುವ ತಡೆಸರಳು ಮುರಿದು ತಿಂಗಳಾಗಿತ್ತು. ರಿಪೇರಿ ಮಾಡಿಸಿ ಎಂದು ಇಸ್ತ್ರಿ ಅಕ್ಕ ಮೂರು ಸಲ ಹೇಳಿದ್ದರು. ಒಂದು ದಿನ ಹೊಸದಾಗಿ ಸೇರಿದ್ದ ಹುಡುಗಿಯ ಬಲಗೈ ಮೊಣಕೈವರೆಗೆ ಒಳಗೆ ಹೋಯಿತು. ಮೊಕದ್ದಮೆ ನಡೆಯಿತು. ಕಣ್ಣಾರೆ ಕಂಡವರು ಇಸ್ತ್ರಿ ಅಕ್ಕ ಒಬ್ಬರೇ. ಕಟಕಟೆಯಲ್ಲಿ ನಿಂತು, "ನಾನು ನಿಜಾನೇ ಹೇಳ್ತೀನಿ. ಆದ್ರೆ ಆಣೆ ಮಾಡಲ್ಲ," ಎಂದರು. ನ್ಯಾಯಾಧೀಶರು ಎರಡು ಸಲ ಬಿಡಿಸಿ ಹೇಳಿ, ಮೂರನೆಯ ಸಲ ಅವರನ್ನು ಕೆಳಗಿಳಿಸಿದರು. ಸಾಕ್ಷಿಯಿಲ್ಲದೆ ಮೊಕದ್ದಮೆ ಬಿದ್ದುಹೋಯಿತು. ಹೊರಗೆ ಜಗಲಿಯ ಮೇಲೆ ಕುಳಿತಿದ್ದ ಹುಡುಗಿ ಕೇಳಿದಳಂತೆ: "ನನಗೋಸ್ಕರ ಒಂದೇ ಒಂದು ಮಾತು ಹೇಳೋಕಾಗಲಿಲ್ವಾ ಅಕ್ಕ?"

ಎಷ್ಟೋ ವರ್ಷದ ಮೇಲೆ ಇದನ್ನು ಪಕ್ಕದ ಮನೆಯ ನನಗೆ ಹೇಳುವಾಗಲೂ ಅವರು ಆ ಪ್ರಶ್ನೆಯವರೆಗೆ ಬಂದು ನಿಲ್ಲಿಸಿದರು.

ಆಮೇಲಿನ ಒಂಬತ್ತು ವರ್ಷ ಅವರ ರಜೆಯ ದಿನಗಳೆಲ್ಲ ಶಾಸನಸಭೆಯ ಮೆಟ್ಟಿಲಲ್ಲಿ ಕಳೆದವು. ಆಣೆಯ ಬದಲು 'ನಿಜ ಹೇಳುತ್ತೇನೆ' ಎಂದರೆ ಸಾಕು, ಕೋರ್ಟಿನಲ್ಲೂ ಸರ್ಕಾರಿ ಕೆಲಸದಲ್ಲೂ ಅದನ್ನು ಒಪ್ಪಬೇಕು ಎಂಬ ಒಂದು ಕಾನೂನು. ಅವರು ಕೇಳಿದ್ದು ಇಷ್ಟೇ. ಊರೂರು ತಿರುಗಿ ತಮ್ಮ ಮತದ ನೂರ ನಲವತ್ತು ಜನರ ಸಂಗತಿಯನ್ನು ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡರು. ಸಾಕ್ಷಿ ಹೇಳಲಾಗದೆ ತಮ್ಮನ ಕೊಲೆಯ ಮೊಕದ್ದಮೆ ಸೋತವರು, ಗಂಡನ ಪಿಂಚಣಿ ಸಿಗದವರು, ಪೋಸ್ಟ್‌ಮ್ಯಾನ್ ಕೆಲಸ ಕಳೆದುಕೊಂಡವರು. ಇಸ್ತ್ರಿ ಅಕ್ಕನ ಅಕ್ಷರ ದುಂಡಗೆ ಬರುತ್ತಿರಲಿಲ್ಲವೆಂದು ಅವರ ಮಗಳು ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ಬರೆದುಕೊಡುತ್ತಿದ್ದಳು.

ಶಾಸನಸಭೆಯ ಗೇಟಿನ ಕಾವಲುಗಾರ ಮೊದಲ ವರ್ಷ ಒಳಗೆ ಬಿಡಲಿಲ್ಲ. ಎರಡನೆಯ ವರ್ಷ ಇಸ್ತ್ರಿ ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, "ಯಾರಪ್ಪ ನಿನ್ನ ಕಾಲರ್ ಇಸ್ತ್ರಿ ಮಾಡಿದ್ದು? ಕಾಲರ್ ತುದಿಯಿಂದ ಶುರು ಮಾಡ್ಬೇಕು, ನಡುವಿನಿಂದ ಅಲ್ಲ," ಎಂದರು. ಮೂರನೆಯ ವರ್ಷದಿಂದ ಅವನೇ ಕುರ್ಚಿ ಕೊಡುತ್ತಿದ್ದ.

ಜೊತೆಗೆ ಅವರ ಅಣ್ಣ ಇದ್ದರು. ಖಾಸಗಿ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಪ್ರಾರ್ಥನೆಯ ಕೋಣೆಗೆ ಅವರೇ ಹಿರಿಯರು. ಇಸ್ತ್ರಿ ಅಕ್ಕನಿಗೆ ಜನರ ಹೊಟ್ಟೆಯೊಳಗಿನ ಸಂಕಟ ಗೊತ್ತು. ಅಣ್ಣನಿಗೆ ಕಲಂ, ಉಪಕಲಂ, ತಿದ್ದುಪಡಿ ಗೊತ್ತು. ಶಾಸಕರನ್ನು ನೋಡಲು ಹೋಗುವ ಹಿಂದಿನ ದಿನ ಅವರ ಕಂದು ಕೋಟು ತಂಗಿಯ ಮೇಜಿಗೆ ಬರುತ್ತಿತ್ತು.

"ಭುಜದ ಹತ್ರ ಸ್ವಲ್ಪ ನೋಡೇ, ಹೊಳಪು ಬಂದುಬಿಟ್ಟಿದೆ."

"ಒದ್ದೆ ಬಟ್ಟೆ ಹಾಕಿ ಒತ್ತಿದ್ರೆ ಹೋಗುತ್ತೆ ಬಿಡಣ್ಣ. ನೀನು ಅಲ್ಲಿ ಹೋಗಿ ಕೂತ್ಕೊಂಡು ಒರಗಬೇಡ, ಅಷ್ಟೇ."

ಕೊನೆಗೆ ಒಬ್ಬ ಶಾಸಕಿ ಮಸೂದೆ ಮಂಡಿಸಲು ಒಪ್ಪಿದರು. ಅದು ಸಮಿತಿಗೆ ಹೋಯಿತು, ಇಸ್ತ್ರಿ ಅಕ್ಕನಿಗೆ ಹೇಳಿಕೆ ಕೊಡಲು ಕರೆ ಬಂತು. ಲಾಳದ ಆಕಾರದ ಮೇಜು, ಸುತ್ತ ಹದಿಮೂರು ಜನ. ಗುಮಾಸ್ತನೊಬ್ಬ ಅಚ್ಚುಹಾಕಿದ ರಟ್ಟು ತಂದು ಅವರ ಮುಖದ ಮುಂದೆ ಹಿಡಿದ.

"ಇದನ್ನ ಓದಿ ಪ್ರಮಾಣ ಮಾಡಿ. ಆಮೇಲೆ ಮಾತಾಡಿ."

"ಆಗಲ್ಲಪ್ಪ."

"ನಿಯಮ ಅಮ್ಮ. ಪ್ರಮಾಣ ಇಲ್ದೆ ಇಲ್ಲಿ ಯಾರೂ ಮಾತಾಡೋ ಹಾಗಿಲ್ಲ."

"ಅದು ನಮಗೆ ಆಗಲ್ಲ ಅಂತ ಹೇಳೋಕೇ ಅಲ್ವಾ ನಾನು ಬಂದಿರೋದು? ಅದನ್ನ ಹೇಳೋಕೂ ಪ್ರಮಾಣ ಮಾಡ್ಬೇಕಾ?"

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು, ಎಲ್ಲರೂ ನಕ್ಕರು. "ಆ ರಟ್ಟು ತಗೊಂಡ್ ಹೋಗಯ್ಯ. ನೀವು ಹೇಳಿ ತಾಯಿ." ಇಸ್ತ್ರಿ ಅಕ್ಕ ಇಪ್ಪತ್ತು ನಿಮಿಷ ಆ ಹುಡುಗಿಯ ಕೈಯ ಕಥೆ ಹೇಳಿದರು. ಹೊರಗೆ ಬಂದಾಗ ಶಾಸಕಿ ಅವರ ಎರಡೂ ಕೈ ಹಿಡಿದುಕೊಂಡು, ಕೆಲಸ ಆದಂತೆಯೇ ಎಂದರು.

ಮಸೂದೆ ಮತಕ್ಕೆ ಬರುವ ಹಿಂದಿನ ದಿನ ಅಣ್ಣ ಲಾಂಡ್ರಿಯ ಕಿಟಕಿಗೆ ಬಂದರು. ಆ ದಿನ ಕೋಟು ಇರಲಿಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ಇಣುಕುತ್ತಿತ್ತು.

"ನಾಳೆ ಪಾಸಾಗುತ್ತೆ ಕಣೇ."

"ನಮ್ಮ ಕಲಂ ನಾವು ಬರ್ಕೊಟ್ಟ ಹಾಗೇ ಇದೆಯಾ ಅಣ್ಣ?"

"ಹೌದು."

ಕೈ ಚಾಚಿದ್ದರೆ ಕಾಗದ ಸಿಗುತ್ತಿತ್ತು. ಅವರು ಚಾಚಲಿಲ್ಲ. ಹೌದು ಎಂದ ಮೇಲೆ ಓದುವುದು ಏನಿರುತ್ತದೆ? ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಬಾಯ್ಲರ್‌ನವನಿಗೂ ಕೇಳಿಸುವಂತೆ ನಕ್ಕರು.

ಮಸೂದೆ ಪಾಸಾಯಿತು. ಆ ವರ್ಷವೇ ಮಗಳು ನರ್ಸಿಂಗ್ ಮುಗಿಸಿ, ಅದೇ ಆಸ್ಪತ್ರೆಯ ಆಯ್ಕೆಪಟ್ಟಿಯಲ್ಲಿ ಮೊದಲು ನಿಂತಳು. ಮೂವತ್ತು ದಿನದೊಳಗೆ ಕೆಲಸಕ್ಕೆ ಹಾಜರಾಗಬೇಕೆಂದು ಪತ್ರ ಬಂತು. ಇಸ್ತ್ರಿ ಅಕ್ಕ ಅವಳ ಸಮವಸ್ತ್ರವನ್ನು ಮೊದಲೇ ಹೊಲಿಸಿ, ತಾವೇ ಇಸ್ತ್ರಿ ಹಾಕಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದರು. ತಾಯಿ ಮಗಳು ಇಬ್ಬರೂ ಆಸ್ಪತ್ರೆಯ ಕಚೇರಿಗೆ ಹೋದರು.

ಗುಮಾಸ್ತೆ ಒಳ್ಳೆಯವಳೇ. "ಹೊಸ ಕಾನೂನು ಬಂದಿದೆಯಲ್ಲ, ನೀನು ಪ್ರಮಾಣ ಮಾಡೋದು ಬೇಡಮ್ಮ. ಈ ಫಾರಂ ತುಂಬಿದ್ರೆ ಸಾಕು," ಎಂದಳು.

ಮಗಳು ಫಾರಂ ಓದಿದಳು. ಮತ್ತೆ ಓದಿದಳು. "ಅಮ್ಮ, ಇದು ಅಫಿಡವಿಟ್."

"ಅಂದ್ರೆ?"

"ಆಣೆ ಇಡೋದು ನಮ್ಮ ಮತದಲ್ಲಿ ಇಲ್ಲ ಅಂತ, ಅಧಿಕಾರಿ ಮುಂದೆ ಆಣೆ ಮಾಡಿ ಬರ್ಕೊಡ್ಬೇಕಂತೆ."

ಗುಮಾಸ್ತೆ ನಗಲು ಹೋಗಿ, ಅವರ ಮುಖ ನೋಡಿ ತಡೆದುಕೊಂಡಳು. "ಒಂದೇ ಸಲ ಅಮ್ಮ. ಆಮೇಲೆ ಜೀವಮಾನಪೂರ್ತಿ ಬೇಡ."

ಸಮಿತಿಯ ಕೋಣೆಯಲ್ಲಿ ಹದಿಮೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕ ಮಾತನ್ನೇ ಕಾನೂನಾಗಿ ಬರೆದಿದ್ದರು.

ಇಸ್ತ್ರಿ ಅಕ್ಕ ಅರ್ಧ ದಿನದ ರಜೆ ಹಾಕಿ ನೇರ ಶಾಸಕಿಯ ಕಚೇರಿಗೆ ಹೋದರು. ಶಾಸಕಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ನಿಮಗೆ ಗೊತ್ತಿರಲಿಲ್ವಾ? ಯಾರು ಬೇಕಾದ್ರೂ ಆಣೆ ತಪ್ಪಿಸ್ಕೋತಾರೆ ಅಂತ ಕೆಲವರು ಪಟ್ಟು ಹಿಡಿದ್ರು. ಅದಕ್ಕೆ ಈ ಸಾಲು ಸೇರಿಸಿದ್ದು. ಮೇಷ್ಟ್ರನ್ನ ಇಲ್ಲೇ ಕೂರಿಸ್ಕೊಂಡು ಓದಿ ಹೇಳಿದೆ. ನಮ್ಮ ಜನ ಒಪ್ತಾರೆ ಅಂದ್ರು."

"ನಮ್ಮ ಅಣ್ಣಾನಾ?"

"ಅವರೇ. ಹೋದ ತಿಂಗಳು ಅಲ್ಪಸಂಖ್ಯಾತರ ಆಯೋಗಕ್ಕೆ ಸದಸ್ಯರಾದ್ರಲ್ಲ, ಅವತ್ತೂ ಸಿಕ್ಕಿದ್ರು. ಪ್ರಮಾಣವಚನಕ್ಕೆ ಕಂದು ಕೋಟು ಹಾಕ್ಕೊಂಡು ಎಷ್ಟು ಚೆನ್ನಾಗಿ ಬಂದಿದ್ರು. ಮನೇಲಿ ಹೇಳಲಿಲ್ವಾ?"

ಪ್ರಮಾಣವಚನ ಎಂಬ ಮಾತು ಕಿವಿಗೆ ಬಿದ್ದರೂ ಇಸ್ತ್ರಿ ಅಕ್ಕನ ತಲೆಗೆ ಮೊದಲು ಬಂದದ್ದು ಬೇರೆ. ಹೋದ ತಿಂಗಳು ಆ ಕೋಟು ತಮ್ಮ ಮೇಜಿಗೆ ಬಂದಿರಲಿಲ್ಲ. ಅದನ್ನು ಯಾವುದೋ ಅಂಗಡಿಗೆ ಕೊಟ್ಟು ಇಸ್ತ್ರಿ ಮಾಡಿಸಿದ್ದಾರೆ.

ಆ ವಾರ ಪ್ರಾರ್ಥನೆಯ ಕೋಣೆಯಲ್ಲಿ ನಲವತ್ತು ಜನ ಇದ್ದರು. ಒಂದು ಗಂಟೆಯ ಮೌನ ಮುಗಿದ ಮೇಲೆ ಅಲ್ಲಿ ಯಾರು ಯಾರನ್ನು ಬೇಕಾದರೂ ಪ್ರಶ್ನೆ ಕೇಳಬಹುದು. ಇಸ್ತ್ರಿ ಅಕ್ಕ ಎದ್ದು ನಿಂತರು.

"ಅಣ್ಣ, ನಾನು ಕಿಟಕಿ ಹತ್ರ ಕೇಳಿದಾಗ, ಆ ಅಫಿಡವಿಟ್ ಸಾಲು ನಿನಗೆ ಗೊತ್ತಿತ್ತಾ?"

ಮೇಷ್ಟ್ರು ಕನ್ನಡಕ ತೆಗೆದರು. "ನೋಡಮ್ಮ, ಕಾನೂನು ಅಂದ್ರೆ ಎಲ್ಲಾ ಒಂದೇ ಸಲಕ್ಕೆ ಸಿಗಲ್ಲ. ಮೊದಲು ಬಾಗಿಲು ತೆಗೆಸ್ಬೇಕು. ನಾನು ಒಳಗೆ ಇದ್ರೆ ತಾನೆ ಮುಂದೆ ತಿದ್ದುಪಡಿ..."

"ಹೌದಾ, ಇಲ್ವಾ?"

"ನಿನಗೆ ಅರ್ಥ ಆಗಲ್ಲ. ಅವತ್ತು ಬೇಡ ಅಂದಿದ್ರೆ ಮಸೂದೇನೇ ಬಿದ್ದೋಗಿರೋದು..."

"ಅಣ್ಣ. ಹೌದಾ, ಇಲ್ವಾ?"

ಮೇಷ್ಟ್ರ ಕತ್ತು ಕೆಂಪಾಯಿತು. "ದೇವರಾಣೆಗೂ ನಿಮ್ಮೆಲ್ಲರ ಒಳ್ಳೇದಕ್ಕೇ ಕಣೇ ನಾನು ಮಾಡಿದ್ದು!"

ಬೀದಿಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ಆ ಕೋಣೆಯ ಗೋಡೆಗಳು ಮಾತ್ರ ಅದನ್ನು ಅಂದಿನವರೆಗೆ ಕೇಳಿರಲಿಲ್ಲ. ಮೇಷ್ಟ್ರಿಗೇ ತಾವು ಹೇಳಿದ್ದು ಕೇಳಿಸಿತು. ಯಾರೂ ಬೈಯಲಿಲ್ಲ. ಮುಂದಿನ ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಊರುಗೋಲು ತಡಕಿಕೊಂಡು ಎದ್ದರು. ಅವರ ಹಿಂದೆ ಒಬ್ಬೊಬ್ಬರೇ ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಇಸ್ತ್ರಿ ಅಕ್ಕ ಕೊನೆಗೆ ಹೊರಟವರು.

"ಏನಾದ್ರೂ ಹೇಳಿಹೋಗೇ," ಎಂದರು ಅಣ್ಣ.

"ನೀನು ಅವತ್ತು 'ಇಲ್ಲ' ಅಂದಿದ್ರೆ, ಇನ್ನೂ ಒಂಬತ್ತು ವರ್ಷ ತಿರುಗ್ತಿದ್ದೆ ಅಣ್ಣ. ನನ್ನ ಕಾಲು ಗಟ್ಟಿಯಾಗೇ ಇದೆ."

ಮನೆಯಲ್ಲಿ ಫಾರಂ ಮೇಜಿನ ಮೇಲೆ ಇಪ್ಪತ್ತೆಂಟು ದಿನ ಬಿದ್ದಿತ್ತು. ಸಹಿ ಹಾಕು ಎಂದಾಗಲಿ ಬೇಡ ಎಂದಾಗಲಿ ತಾಯಿ ಹೇಳಲಿಲ್ಲ. ಮಗಳು ಓದಲು ಪಟ್ಟ ಪಾಡನ್ನು ಪಕ್ಕದಲ್ಲೇ ಕುಳಿತು ನೋಡಿದವರು ಅವರು. ಇಪ್ಪತ್ತೊಂಬತ್ತನೆಯ ದಿನ ಮಗಳು ತಾನಾಗಿಯೇ ಹೋಗಿ ಖಾಲಿ ಫಾರಂ ವಾಪಸ್ ಕೊಟ್ಟು ಬಂದಳು. ಪಟ್ಟಿಯಲ್ಲಿ ಎರಡನೆಯವಳಿಗೆ ಕೆಲಸವಾಯಿತು. ಮಗಳೀಗ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ. ಸಮವಸ್ತ್ರ ಮೊಳೆಯ ಮೇಲೆಯೇ ಇದೆ. ಧೂಳು ಕೂರದಂತೆ ಅದಕ್ಕೊಂದು ಹಳೆಯ ತಲೆದಿಂಬಿನ ಚೀಲ ತೊಡಿಸಿದ್ದಾರೆ.

ಆ ಸಾಲನ್ನು ಕಿತ್ತುಹಾಕಿಸಲು ಇಸ್ತ್ರಿ ಅಕ್ಕ ಮತ್ತೆ ಶಾಸನಸಭೆಗೆ ಹೋಗತೊಡಗಿದ್ದಾರೆ, ಹೊಸ ನೋಟ್‌ಬುಕ್ ಹಿಡಿದು. ಗೇಟಿನವನು ಕುರ್ಚಿ ಕೊಡುತ್ತಾನೆ. ಅಣ್ಣನ ಆಯೋಗ ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿದೆ. ಇವರು ಲಿಫ್ಟ್ ಹತ್ತುವುದಿಲ್ಲ, ಹಿಂದಿನ ಮೆಟ್ಟಿಲು ಹತ್ತುತ್ತಾರೆ.

ಮೊನ್ನೆ ಬೆಳಿಗ್ಗೆ ತಾಯಿ ಮಗಳ ಜೊತೆ ನಾನೂ ಬಸ್ ಸ್ಟಾಪಿಗೆ ಹೊರಟಿದ್ದೆ. ಬೀದಿಯ ಕೊನೆಗೆ ಬಂದಿದ್ದೆವು. "ಗ್ಯಾಸ್ ಆಫ್ ಮಾಡಿದ್ಯಾ?" ಎಂದು ಇಸ್ತ್ರಿ ಅಕ್ಕ ಕೇಳಿದರು.

"ಹೌದಮ್ಮ."

ನಾಲ್ಕು ಹೆಜ್ಜೆ ನಡೆದರು. ಆಮೇಲೆ ನಿಂತರು. ಚೀಲವನ್ನು ನನ್ನ ಕೈಗೆ ಕೊಟ್ಟು, ಮಗಳ ಮುಖ ನೋಡದೆ, "ಬಂದೆ ಇರಿ," ಎಂದು ಮನೆಯ ಕಡೆ ಹೊರಟರು. ಬೀಗ ತೆಗೆದ ಸದ್ದು ನಾವು ನಿಂತಲ್ಲಿಗೂ ಕೇಳಿಸಿತು.