ಗುರುವಾರದ ಕುರ್ಚಿಗಳು

ಸಂಜೆ ಐದೂವರೆಗೆ ಕೆಲಸ ಮುಗಿದೊಡನೆ ಪಾಲಿಶಣ್ಣ ಮರಗೆಲಸದ ಕಾರ್ಖಾನೆಯ ಹಿಂದಿನ ನಲ್ಲಿಗೆ ಹೋಗಿ, ಮೊಣಕೈವರೆಗೆ ಸಾಬೂನು ಹಚ್ಚಿ ಮೂರು ಸಲ ತೊಳೆದುಕೊಳ್ಳುತ್ತಾರೆ. ಕೆಲಸದ ಅಂಗಿ ಕಳಚಿ, ಮನೆಯಿಂದ ತಂದ ಒಗೆದ ಅಂಗಿ ತೊಡುತ್ತಾರೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ.

ಇದನ್ನು ಶುರು ಮಾಡಿಸಿದ್ದು ಅವರ ಹೆಂಡತಿ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯುಂಡೆಯಲ್ಲಿ ಅದ್ದಿ, ಮೇಜು ಕುರ್ಚಿಗಳಿಗೆ ಉಜ್ಜಿ ಹೊಳಪು ಕೊಡುವ ಕೆಲಸ ಪಾಲಿಶಣ್ಣನದು. ಮೈಯೆಲ್ಲ ಸ್ಪಿರಿಟ್ ವಾಸನೆ. ಹಾಗಾಗಿ ಹನ್ನೊಂದು ವರ್ಷ ಕುಡಿದು ಬಂದರೂ "ಕೆಲಸದ ವಾಸನೆ ಕಣೇ" ಎಂದರೆ ಮುಗಿಯುತ್ತಿತ್ತು. ಕೊನೆಗೊಂದು ದಿನ ಆಕೆ ಸಾಬೂನನ್ನೂ ಒಗೆದ ಅಂಗಿಯನ್ನೂ ಚೀಲಕ್ಕೆ ಹಾಕಿ ಕೊಟ್ಟರು.

"ಇನ್ಮೇಲೆ ಅಲ್ಲೇ ತೊಳ್ಕೊಂಡು ಬನ್ನಿ. ಆಮೇಲೂ ವಾಸನೆ ಬಂತು ಅಂದ್ರೆ ಅದು ಮರದ್ದಲ್ಲ."

ಮರುವಾರವೇ ಸಿಕ್ಕಿಬಿದ್ದರು. ಆಕೆ ಕೂಗಾಡಲಿಲ್ಲ. "ಕುಡಿದಿದ್ದಕ್ಕಿಂತ ನನ್ನನ್ನ ಇಷ್ಟು ವರ್ಷ ದಡ್ಡಿ ಮಾಡಿದ್ರಲ್ಲ, ಅದು ಉರಿಯುತ್ತೆ. ಇನ್ನೊಂದೇ ಒಂದು ಸುಳ್ಳು ಹೇಳಿ ನೋಡಿ, ಮಗಳನ್ನ ಕರ್ಕೊಂಡು ಅಕ್ಕನ ಮನೆಗೆ ಹೊರಟುಬಿಡ್ತೀನಿ." ಪಕ್ಕದ ಮನೆಯ ನನಗೂ ಆ ಮಾತು ಕೇಳಿಸಿತ್ತು. ಉಳಿದದ್ದನ್ನು ಗಂಡ ಹೆಂಡತಿ ಬೇರೆ ಬೇರೆ ದಿನ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದರು.

ಕುಡಿತ ಬಿಡಲು ಹೊರಟ ಪಾಲಿಶಣ್ಣ ಕೈನಡುಕಕ್ಕೆ ಮಾತ್ರೆ ಕೇಳಲು ಹೋದಾಗ ಔಷಧಿ ಅಂಗಡಿಯವರು ಮಾತ್ರೆಯ ಬದಲು ಒಂದು ಚೀಟಿ ಬರೆದುಕೊಟ್ಟರು: ಗ್ರಂಥಾಲಯದ ಹಿಂದಿನ ಕೋಣೆ, ಗುರುವಾರ, ಸಂಜೆ ಆರೂವರೆ. "ಕುಡಿತ ಬಿಟ್ಟೋರು, ಬಿಡೋಕೆ ಒದ್ದಾಡೋರು ಸೇರ್ತಾರೆ. ಹೋಗಿ ಕೂತ್ಕೊಳ್ಳಿ, ಯಾರೂ ತಿಂದುಹಾಕಲ್ಲ."

ಮೊದಲ ಗುರುವಾರ ಬಾಗಿಲ ಮುಂದೆ ಎರಡು ಸಲ ಹಾದುಹೋಗಿ ವಾಪಸು ಬಂದರು. ಮುಂದಿನ ವಾರ ಕೆಲಸದ ಚೀಲ ಹೆಗಲಿಗೇರಿಸಿದರು. ಗುರುತಿನವರು ಕಂಡರೆ ಕೆಲಸವಿತ್ತು ಅನ್ನಬಹುದಲ್ಲ. ಒಳಗೆ ಹತ್ತು ಹನ್ನೆರಡು ಜನ ಸುತ್ತ ಕೂತಿದ್ದರು. ನಿವೃತ್ತ ಬಸ್ ಡ್ರೈವರ್ ಒಬ್ಬರು ಎದ್ದು ಬಂದು "ಏನಣ್ಣ?" ಅಂದರು.

"ಕುರ್ಚಿ... ಕುರ್ಚಿ ಕೆಲಸಕ್ಕೆ ಬಂದೆ."

ಯಾರೂ ಕರೆಸಿರಲಿಲ್ಲ. ಡ್ರೈವರ್ ಒಂದು ಗಳಿಗೆ ಆ ನಡುಗುವ ಕೈಗಳನ್ನೇ ನೋಡಿದರು. "ಹೌದಲ್ಲ, ಮೂಲೇಲಿರೋ ಕುರ್ಚಿ ಒರಟು, ಬಟ್ಟೆ ಹರಿಯುತ್ತೆ. ಶುರು ಮಾಡಿ. ನಾವು ನಮ್ಮ ಪಾಡಿಗೆ ಮಾತಾಡ್ತಿರ್ತೀವಿ."

ಪಾಲಿಶಣ್ಣ ನೆಲದ ಮೇಲೆ ಕೂತು ಉಪ್ಪುಕಾಗದದಿಂದ ಕುರ್ಚಿ ಉಜ್ಜತೊಡಗಿದರು. ಅತ್ತ ದರ್ಜಿಯೊಬ್ಬರು ಹೊಲಿಗೆ ಯಂತ್ರದ ಡಬ್ಬಿಯಲ್ಲಿ ಬಾಟಲಿ ಬಚ್ಚಿಡುತ್ತಿದ್ದುದನ್ನು ಹೇಳುತ್ತಿದ್ದರು. "ನಾನಿಲ್ಲದಾಗ ನಮ್ಮತ್ತೆ ಸೂಜಿ ಹುಡುಕೋಕೆ ತೆಗೆದ್ರು. ಸಂಜೆ ಬಂದ್ರೆ ಸೂಜಿನೂ ಇಲ್ಲ, ಬಾಟ್ಲಿನೂ ಇಲ್ಲ, ಅತ್ತೆ ಮಾತ್ರ ಇದ್ರು." ಎಲ್ಲರೂ ನಕ್ಕರು, ಹೇಳಿದವರೂ. ಆಮೇಲೆ ಅದೇ ದರ್ಜಿ ಅತ್ತರು. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಿಯೂ ಮನುಷ್ಯ ಕುರ್ಚಿಯ ಮೇಲೆ ಕೂತೇ ಇರಬಹುದು ಎಂದು ಪಾಲಿಶಣ್ಣನಿಗೆ ಗೊತ್ತಿರಲಿಲ್ಲ. ಉಜ್ಜುವ ಸದ್ದು ನಿಂತಿತ್ತು. ಯಾರೂ ತಿರುಗಿ ನೋಡಲಿಲ್ಲ.

"ಗುರುವಾರ ಗ್ರಂಥಾಲಯದಲ್ಲಿ ಕುರ್ಚಿ ಕೆಲಸ ಸಿಕ್ಕಿದೆ" ಎಂದು ಮನೆಯಲ್ಲಿ ಹೇಳಿದರು. ನಾಲಿಗೆಯಿಂದ ಜಾರಿದ ಮೇಲೆ ಇದೂ ಸುಳ್ಳೇ ಎಂದು ಹೊಳೆಯಿತು. ಕುಡಿಯುವುದು ನಿಂತಿತ್ತು, ಸುಳ್ಳು ನಿಲ್ಲಲಿಲ್ಲ.

ಆ ಕೋಣೆಯಲ್ಲಿದ್ದುದು ಹದಿನಾಲ್ಕು ಕುರ್ಚಿ. ನಾಲ್ಕು ವಾರದಲ್ಲಿ ಮುಗಿಯಬೇಕಿತ್ತು. ಆದರೆ ಪ್ರತಿ ಗುರುವಾರ ಮೂಲೆಯಲ್ಲಿ ಹೊಸದೊಂದು ಒರಟು ಕುರ್ಚಿ ಕಾದಿರುತ್ತಿತ್ತು. ಏಳನೆಯ ವಾರ ಬೇಗ ಹೋದ ಪಾಲಿಶಣ್ಣನಿಗೆ ಕಂಡದ್ದು ಇದು: ಬಸ್ಸಿನಿಂದ ಇಳಿದ ಡ್ರೈವರ್, ತಲೆಯ ಮೇಲೆ ಕುರ್ಚಿ ಬೋರಲು ಹಾಕಿಕೊಂಡು, ನೋಯುವ ಮೊಣಕಾಲನ್ನು ಎಳೆಯುತ್ತ ಬರುತ್ತಿದ್ದಾರೆ. ಜೊತೆಯಲ್ಲಿ ದರ್ಜಿ.

"ನಿಮ್ಮನೇಲಿ ಇನ್ನೆಷ್ಟು ಉಳಿದಿವೆ, ಯಜಮಾನ್ರೇ?"

"ಒಂದೇ. ನಮ್ಮೋಳು ಅದರ ಮೇಲಿಂದ ಏಳ್ತಾನೇ ಇಲ್ಲ."

"ಮುಂದಿನ ವಾರಕ್ಕೆ ನನ್ನ ಸ್ಟೂಲ್ ತರ್ತೀನಿ ಬಿಡಿ. ಆ ಪುಣ್ಯಾತ್ಮ ಬಾಯಿ ಬಿಡೋವರೆಗೂ ಮರ ಬೇಕಲ್ಲ."

ಪಾಲಿಶಣ್ಣ ಗೋಡೆಯ ಮರೆಗೆ ಸರಿದು ನಿಂತರು. "ಬುದ್ಧಿ ಹೇಳಿದೋರು ಲೆಕ್ಕ ಇಲ್ಲ ಅಕ್ಕ, ಕುರ್ಚಿ ಹೊತ್ತೋರು ಇರ್ಲಿಲ್ಲ" ಎಂದರು ನನ್ನ ಬಳಿ. ನಾನು ದಿನಾ ಪ್ರಾರ್ಥನೆ ಮಾಡುವವಳು. ಆದರೂ, ಹೆಸರೂ ಕೇಳದವನ ಸುಳ್ಳನ್ನು ಮುರಿಯದೆ ಮುದುಕನೊಬ್ಬ ತಲೆಯ ಮೇಲೆ ಹೊತ್ತು ತಂದದ್ದನ್ನು ಕೇಳಿ ನನ್ನ ಕೈಗಳು ತಾವಾಗಿ ಮುಗಿದವು.

ಆ ಏಳನೆಯ ಗುರುವಾರದ ಸಂಜೆಯೇ ಹೆಂಡತಿ ಮಗಳ ಕೈಹಿಡಿದು ಆ ಬಾಗಿಲಿಗೆ ಬಂದರು. ಪಾಲಿಶ್ ಕೆಲಸಕ್ಕೆಂದು ಹೋಗುವ ಗಂಡ, ಹೊರಗಿನ ಕೆಲಸಕ್ಕೆ ಇಟ್ಟುಕೊಂಡಿದ್ದ ಸ್ಪಿರಿಟ್ ಬಾಟಲಿಯನ್ನು ಮನೆಯಲ್ಲೇ ಬಿಟ್ಟುಹೋಗುತ್ತಿದ್ದುದು ಆಕೆಯ ಕಣ್ಣಿಗೆ ಬಿದ್ದಿತ್ತು. ಗಂಡ ಮೂಲೆಯಲ್ಲಿ ಉಪ್ಪುಕಾಗದ ಹಿಡಿದು ಕೂತಿದ್ದರು. ಆಕೆ ಅವರನ್ನು ಕೇಳದೆ ಡ್ರೈವರನ್ನೇ ಕೇಳಿದರು.

"ಇವರು ಇಲ್ಲಿಗೆ ಕುರ್ಚಿ ಕೆಲಸಕ್ಕೇನಾ ಬರೋದು?"

ಯಾರು ಯಾಕೆ ಬಂದರೆಂದು ಹೊರಗಿನವರಿಗೆ ಹೇಳಬಾರದೆಂಬುದು ಆ ಕೋಣೆಯ ನಿಯಮ. ಡ್ರೈವರ್ ಪಾಲಿಶಣ್ಣನ ಕಡೆ ನೋಡಿದರು, ಆಮೇಲೆ ಮೆಲ್ಲಗೆ ಕುರ್ಚಿಯೊಂದರ ಬೆನ್ನು ಸವರಿದರು. "ನೋಡಮ್ಮ, ಎಷ್ಟು ನುಣುಪು ಮಾಡಿದಾರೆ. ಇನ್ನೂ ನಾಲ್ಕು ವಾರದ ಕೆಲಸ ಇದೆ."

ಪಾಲಿಶಣ್ಣ ಉಪ್ಪುಕಾಗದ ಕೆಳಗಿಟ್ಟು ಎದ್ದು ನಿಂತರು.

"ಬೇಡ ಸಾರ್, ನನಗೋಸ್ಕರ ಅದನ್ನ ಹೇಳ್ಬೇಡಿ. ಕುರ್ಚಿ ಬರೀ ನೆಪ ಕಣೇ. ಕುಡಿಯೋದು ಬಿಡೋಕೆ ನನ್ನೊಬ್ಬನ ಕೈಲಿ ಆಗ್ಲಿಲ್ಲ, ಅದಕ್ಕೇ ಇಲ್ಲಿಗೆ ಬರ್ತಿದೀನಿ."